ಒಣದ್ರಾಕ್ಷಿಯ ಗಂಟು

ಸೊಲ್ಲಾಪುರ ರಸ್ತೆ, ವಿಜಯಪುರ
ಶುಕ್ರವಾರ, ೨೧-೨-೨೦೨೫

ಪ್ರೀತಿಯ ಅತ್ತೆಯವರಿಗೆ ನಿಮ್ಮ ಸೊಸೆ ಶಾಂಭವಿಯ ಶರಣು.

ಹೇಗಿದ್ದೀರಿ? ಮೊಣಕಾಲಿನ ನೋವು ಇಳಿದಿದೆಯೇ? ವಿಜಯಲಕ್ಷ್ಮೀ ಅಕ್ಕನ ಮನೆಯಲ್ಲಿ ಬಚ್ಚಲಿಗೆ ಮೂರು ಮೆಟ್ಟಿಲು ಇಳಿಯಬೇಕು, ಗೋಡೆ ಹಿಡಿದುಕೊಂಡೇ ಇಳಿಯಿರಿ. ಮಗಳ ಮನೆ, ಗೊತ್ತಿದ್ದ ಜಾಗ ಎಂದು ಧೈರ್ಯ ಮಾಡಬೇಡಿ. ನಿಮ್ಮ ಬಿ.ಪಿ. ಗುಳಿಗೆಯ ಅರ್ಧ ಹಾಳೆ ಇಲ್ಲೇ ದೇವರ ಗೂಡಿನಲ್ಲಿ ಉಳಿದಿದೆ, ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಇಷ್ಟು ದಿನ ಗುಳಿಗೆ ಇಲ್ಲದೆ ಇದ್ದಿರೋ, ಬಬಲೇಶ್ವರದಲ್ಲಿ ಹೊಸದು ತೆಗೆದುಕೊಂಡಿರೋ ತಿಳಿಯದು. ಫೋನಿನಲ್ಲಿ ಕೇಳಿದರೆ "ನಾ ಆರಾಮ ಅದೀನಿ, ಕೂಸಿನ್ನ ಚಂದಗೆ ನೋಡ್ಕೋರಿ" ಎಂದು ಹೇಳಿ ಫೋನನ್ನು ಅಕ್ಕನ ಕೈಗೆ ಕೊಟ್ಟುಬಿಡುತ್ತೀರಿ. ಅಕ್ಕನೋ, ಯಾರ ಫೋನ್ ಬಂದರೂ ಮೊದಲು ಸ್ಪೀಕರ್ ಹಾಕುವವಳು. ಅವರ ಓಣಿಗೆಲ್ಲ ನನ್ನ ಕೆಮ್ಮು ಸಹ ಕೇಳಿಸುತ್ತದೆ. ನಾನು ನಿಮಗೆ ಹೇಳಬೇಕಾದದ್ದು ಸ್ಪೀಕರಿನಲ್ಲಿ ಹೇಳುವ ಮಾತಲ್ಲ. ಅದಕ್ಕೇ ಕಾಗದ ಬರೆಯಲು ಕುಳಿತೆ. ಮದುವೆಯಾದ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು, ಅದೂ ಅತ್ತೆಗೆ! ನೀವು ಏಳನೆಯ ಇಯತ್ತೆ ಓದಿದವರು, ದಿನವೂ ವಚನ ಓದುವವರು. ಕನ್ನಡಕ ಹಾಕಿಕೊಂಡು ಒಬ್ಬರೇ ಕುಳಿತು ಓದಿರಿ. ಅಕ್ಕ ಎಷ್ಟು ಕೇಳಿದರೂ ಕೊಡಬೇಡಿ.

ಇಲ್ಲಿ ನಿಮ್ಮ ಮಗ ಬೆಳಿಗ್ಗೆ ಎಂಟಕ್ಕೆ ಗ್ಯಾರೇಜಿಗೆ ಇಳಿದರೆ ಸಂಜೆಯವರೆಗೆ ಮೇಲೆ ಬರುವುದಿಲ್ಲ. ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುವ ಯಂತ್ರಗಳು ಸಾಲುಗಟ್ಟಿ ನಿಂತಿವೆ. ಊಟಕ್ಕೆ ಕರೆದರೆ "ಬಂದೆ" ಎನ್ನುತ್ತಾರೆ, ಬರುವುದಿಲ್ಲ. ಮನೆಯೊಳಗೆ ಬಂದರೆ ನೀವು ಮಲಗುತ್ತಿದ್ದ ಜಾಗ ಕಣ್ಣಿಗೆ ಬೀಳುತ್ತದಲ್ಲ, ಅದಕ್ಕೇ ಇರಬೇಕು. ತಿಕೋಟಾದ ಶೆಡ್ಡುಗಳಲ್ಲಿ ಒಣದ್ರಾಕ್ಷಿಯ ಕೆಲಸ ಶುರುವಾಗಿದೆಯಂತೆ, ನಿಮ್ಮ ಜೊತೆ ಕಾಯಿ ಆರಿಸುತ್ತಿದ್ದ ರಾಚವ್ವ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. "ಗುರುಬಸವ್ವ ಈ ವರ್ಷ ಬರೂದಿಲ್ಲೇನು?" ಎಂದು ಕೇಳಿದರು. ಮೊಮ್ಮಗಳ ಹಿಂದೆ ಇದ್ದಾರೆ ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಾಯಿಗೆ ಬಂತು ನೋಡಿ.

ನೀಲಾ ಬಗ್ಗೆ ಕೇಳುತ್ತೀರಿ, ಗೊತ್ತು. ಮೊದಲು ಒಳ್ಳೆಯದನ್ನೇ ಬರೆಯುತ್ತೇನೆ. ಮುಂದೆ ಇನ್ನೊಂದು ಹಲ್ಲು ಬಂದಿದೆ. ನಿಮ್ಮ ಮಗ ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡು ನೆಲ ಬಡಿಯುತ್ತಾಳೆ. ತೂಕ ಮಾತ್ರ ಅಷ್ಟೇ, ಎಂಟೂವರೆ ಕಿಲೋ. ಮುಂದಿನ ತಿಂಗಳಿಗೆ ಒಂದು ವರ್ಷ ಹತ್ತು ತಿಂಗಳು ತುಂಬುವ ಮಗು, ಹಿಂದಿನ ಮನೆಯ ಹತ್ತು ತಿಂಗಳ ಕೂಸಿನ ಪಕ್ಕ ಕೂರಿಸಿದರೆ ಯಾರು ದೊಡ್ಡವರು ಎಂದು ಕೇಳುವ ಹಾಗಿದ್ದಾಳೆ. ಮೂರು ತಾಸಿಗೊಮ್ಮೆ ಹೊಟ್ಟೆಗೆ ಹಾಕುವುದು, ಅದಕ್ಕೆ ಮೊದಲು ಬೆರಳು ಚುಚ್ಚಿ ಶುಗರ್ ನೋಡುವುದು, ಎಲ್ಲ ಹಾಗೇ ನಡೆದಿದೆ. ಈಗೊಂದು ಹೊಸದು ಕಲಿತಿದ್ದಾಳೆ. ಶುಗರ್ ನೋಡುವ ಡಬ್ಬಿ ನನ್ನ ಕೈಯಲ್ಲಿ ಕಂಡ ಕೂಡಲೇ ಅಳುವುದಿಲ್ಲ, ತಾನೇ ಬೆರಳು ಚಾಚುತ್ತಾಳೆ. ಅತ್ತರೆ ತಡೆದುಕೊಳ್ಳಬಹುದಿತ್ತು ಅತ್ತೆ. ಬೆರಳು ಚಾಚಿ ನನ್ನ ಮುಖ ನೋಡುತ್ತಾಳಲ್ಲ, ಅದನ್ನು ನನ್ನಿಂದ ತಡೆಯಲಾಗುತ್ತಿಲ್ಲ.

ಈ ಮಗುವಿನ ಹಿಂದೆ ಒಂದು ವರ್ಷ ನೀವು ಓಡಾಡಿದ್ದನ್ನು ನಾನು ಮರೆತಿಲ್ಲ. ಮೊದಲ ಸಲ ಬೆಳಗಿನ ಜಾವ ಕಣ್ಣು ಮೇಲೆ ಮಾಡಿ ಕೈಕಾಲು ಸೆಟೆದಾಗ ದೃಷ್ಟಿ, ದೆವ್ವ ಎಂದು ನೀವು ಹೇಳಲಿಲ್ಲ. "ಕೂಸಿನ್ನ ಎತ್ತು, ಗಾಡಿ ತಗಿ" ಎಂದಿರಿ. ದವಾಖಾನೆಗಳಲ್ಲಿ ರಕ್ತ ತೆಗೆಯಲು ನರ ಹುಡುಕುವಾಗ ಪ್ರತಿ ಸಲವೂ ಅವಳನ್ನು ಹಿಡಿದದ್ದು ನೀವು. ಒಂದು ಕೈಯಲ್ಲಿ ತೊಡೆ, ಒಂದು ಕೈಯಲ್ಲಿ ಮುಂಗೈ ಒತ್ತಿ ಹಿಡಿದು, ಕಿವಿಯ ಹತ್ತಿರ ಬಾಯಿಟ್ಟು ಓಂ ನಮಃ ಶಿವಾಯ ಎನ್ನುತ್ತಿದ್ದಿರಿ. ಸೂಜಿ ಎರಡು ಸಲ ತಪ್ಪಿ ಮೂರನೆಯ ಸಲ ಚುಚ್ಚಿದರೂ ನಿಮ್ಮ ದನಿ ನಡುಗುತ್ತಿರಲಿಲ್ಲ. ನಾನು? ನಾನು ಹೊರಗೆ ಮೆಟ್ಟಿಲ ಮೇಲೆ ಕಿವಿಗೆ ಬೆರಳು ಹಾಕಿಕೊಂಡು ಕೂತಿರುತ್ತಿದ್ದೆ. ಎಲ್ಲ ಮುಗಿದ ಮೇಲೆ ಒಳಗೆ ಬಂದು ಮಗುವನ್ನು ಕಸಿದುಕೊಂಡು, "ಅಷ್ಟು ಗಟ್ಟಿ ಯಾಕ ಹಿಡೀತೀರಿ ಅತ್ತಿ, ಕೈ ಕೆಂಪಾಗೇತಿ ನೋಡ್ರಿ" ಎಂದು ನಿಮ್ಮ ಮೇಲೇ ಸಿಡುಕುತ್ತಿದ್ದೆ. ನನ್ನ ನಾಲಿಗೆ ಹೇಗೆ ಎಂದು ನಿಮಗೆ ಗೊತ್ತೇ ಇದೆ. ಅದನ್ನು ನೀವು ಸೈರಿಸಿಕೊಂಡಷ್ಟು ನನ್ನ ತವರಿನವರೂ ಸೈರಿಸಿಕೊಂಡಿಲ್ಲ.

ಫೆಬ್ರುವರಿ ಮೂರರ ಸೋಮವಾರದ ಮಾತಿಗೆ ಬರಲೇಬೇಕು. ಹೊರಗಿನಿಂದ ಸುತ್ತಿ ಸುತ್ತಿ ಬರೆಯುತ್ತಿದ್ದೇನೆ, ನಿಮಗೂ ಗೊತ್ತಾಗಿರುತ್ತದೆ. ಡಾಕ್ಟರ್ ತಸ್ಲೀಮ ಮೇಡಂ ಆ ಟೆಸ್ಟಿಗೆ ಮೊದಲು ನಮ್ಮನ್ನು ಕೂರಿಸಿಕೊಂಡು ಎಷ್ಟು ತಿಳಿಸಿ ಹೇಳಿದ್ದರು! "ಹೊಟ್ಟಿ ಖಾಲಿ ಆದಾಗ ಈಕಿ ಶುಗರ್ ಯಾಕ ಇಳೀತೈತಿ ಅಂತ ನಮಗ ಗೊತ್ತಾಗಬೇಕು. ಅದು ಐವತ್ತರ ಕೆಳಗ ಇಳಿದ ಆ ಹೊತ್ತಿನ ರಕ್ತ ಬೇಕು. ಅದ ಸಿಕ್ಕರ ರೋಗದ ಹೆಸರು ಸಿಗತೈತಿ, ಹೆಸರು ಸಿಕ್ಕರ ಔಷಧ ಸಿಗತೈತಿ. ಒಂದು ರೋಗದ ಔಷಧ ಇನ್ನೊಂದು ರೋಗಕ್ಕ ವಿಷ ಆಗತೈತಿ. ಅಂದಾಜಿನ ಮ್ಯಾಲ ನಾ ಕೊಡೂದಿಲ್ಲ." ರಕ್ತ ತೆಗೆದ ಮರುಗಳಿಗೆಯೇ ನರದ ಮೂಲಕ ಗ್ಲೂಕೋಸ್ ಬಿಡುತ್ತಾರೆ, ತಾವು ಪಕ್ಕದಲ್ಲೇ ಇರುತ್ತಾರೆ, ಹೆದರಬಾರದು ಎಂದರು. ಬಿ.ಕಾಂ. ಓದಿದ ಸೊಸೆ ತಲೆಯಾಡಿಸಿದಳು. ನೀವು ಒಂದೇ ಒಂದು ಪ್ರಶ್ನೆ ಕೇಳಿದಿರಿ, "ಟೆಸ್ಟ್ ಮುಗಿದ ಕೂಡ್ಲೇ ಬಾಯಿಗೆ ಏನಾರ ಕೊಡಬಹುದೇನ್ರಿ?" ಕೊಡಬಹುದು ಎಂದರು. ಅದಕ್ಕೇ ನೀವು ಮಾವನವರ ಹಳೆಯ ಧೋತರದ ಚೂರನ್ನು ಕುದಿಸಿ ಒಣಗಿಸಿ, ತೊಳೆದ ಒಣದ್ರಾಕ್ಷಿ ಅದರಲ್ಲಿ ಕಟ್ಟಿ, ಹೆಬ್ಬೆರಳಿನಷ್ಟು ಗಂಟು ಮಾಡಿ ಸ್ಟೀಲಿನ ಡಬ್ಬಿಯಲ್ಲಿ ತಂದಿರಿ. ಹಾಲು ಬಿಡಿಸುವಾಗಲೂ ಅವಳಿಗೆ ಅದೇ ಗಂಟು ಚೀಪಿಸಿದ್ದಿರಿ, ನಿಮ್ಮ ಮಗನಿಗೂ ಚೀಪಿಸಿದ್ದಿರಂತೆ. ಹಲ್ಲಿಗೆ ಸಿಗುವುದಿಲ್ಲ, ಗಂಟಲಿಗೆ ಸಿಕ್ಕುವುದಿಲ್ಲ, ಬರೀ ಸಿಹಿ ಇಳಿಯುತ್ತದೆ.

ಬೆಳಿಗ್ಗೆ ಐದಕ್ಕೆ ಕೊನೆಯ ಹಾಲು. ಆಮೇಲೆ ನೀರು ಬಿಟ್ಟರೆ ಏನಿಲ್ಲ. ಒಂಬತ್ತರವರೆಗೆ ಆಡಿದಳು, ಹತ್ತರ ಮೇಲೆ ಹಟ ಶುರು. ಹನ್ನೊಂದಕ್ಕೆ ಅರವತ್ತೆಂಟು, ಹನ್ನೆರಡಕ್ಕೆ ಐವತ್ತೊಂಬತ್ತು. ಸೂಜಿ ಅಲುಗದಂತೆ ಮುಂಗೈಗೆ ರಟ್ಟು ಕಟ್ಟಿದ್ದರಲ್ಲ, ಆ ರಟ್ಟಿನ ಬಟ್ಟೆಯನ್ನೇ ಚೀಪಲು ತೊಡಗಿದಳು. ಒಂದು ಗಂಟೆಗೆ ಐವತ್ನಾಲ್ಕು. ಮೇಡಂ ಬಂದು ನೋಡಿ, ಇನ್ನು ಅರ್ಧ ತಾಸು, ಬಾಟಲಿಗಳನ್ನೆಲ್ಲ ತಯಾರಿಡಿ ಎಂದು ನರ್ಸ್ ಸಾಯಿರಾಗೆ ಹೇಳಿ ಹೋದರು. ನೀವು ನೀರು ತುಂಬಿಸಿಕೊಂಡು ಬರಲು ಹೋಗಿ ಬಂದಿರಿ. ಒಂದೂವರೆಗೆ ನೋಡಿದರೆ ಎಪ್ಪತ್ತೇಳು. ಎರಡಕ್ಕೆ ಎಂಬತ್ತಾರು. ಸಾಯಿರಾ ಎರಡು ಸಲ ನೋಡಿದರು, ಯಂತ್ರ ಬದಲಿಸಿ ನೋಡಿದರು. ಆಮೇಲೆ ಹಾಸಿಗೆಯ ದುಪ್ಪಟ್ಟಿ ಕೊಡವಿದಾಗ ಗಂಟು ಕೆಳಗೆ ಬಿತ್ತು, ಒದ್ದೆಯಾಗಿತ್ತು. ಟೆಸ್ಟ್ ಕೆಟ್ಟಿತ್ತು. ಮೇಡಂ ಬಾಗಿಲಲ್ಲೇ ನಿಂತು, "ಯಾರು ಕೊಟ್ರಿ? ಖರೇ ಹೇಳ್ರಿ" ಎಂದರು. ನೀವು ಎದ್ದು ನಿಂತಿರಿ. "ನಾನ ಕೊಟ್ಟೇನ್ರೀ ಯವ್ವಾ. ಅಳೂದು ನೋಡಾಕ ಆಗಲಿಲ್ಲ" ಎಂದಿರಿ.

ನಿಮ್ಮ ಮಗ ಎಲ್ಲರ ಮುಂದೆ ಕೈ ಮುಗಿದು, "ಅವ್ವಾ, ಇನ್ನ ನೀ ದವಾಖಾನಿ ಕಡೆ ಬರಬ್ಯಾಡ, ನಿನ್ನ ಕಾಲಿಗೆ ಬೀಳ್ತೀನಿ" ಎಂದರು. ಅದಕ್ಕಿಂತ ಕೆಟ್ಟ ಮಾತು ನನ್ನದು. "ಕೂಸಿನ ಜೀವಕ್ಕಿಂತ ನಿಮ್ಮ ಗಂಟು ದೊಡ್ಡದಾತೇನ್ರಿ ಅತ್ತಿ?" ಎಂದೆ. ನೀವು "ಇಲ್ಲ ಬೇ ತಂಗಿ, ತಪ್ಪಾತು" ಎಂದಷ್ಟೇ ಹೇಳಿ ಸೆರಗಿನಿಂದ ಡಬ್ಬಿ ಒರೆಸಿ ಚೀಲಕ್ಕೆ ಹಾಕಿಕೊಂಡಿರಿ. ಮರುದಿನ ಬೆಳಿಗ್ಗೆ ರೊಟ್ಟಿ ಮಾಡಿಟ್ಟು, ನೀಲಾಳ ಕುಂಚಿಗೆ ಒಗೆದು ಹಗ್ಗಕ್ಕೆ ಹಾಕಿ, ಬಬಲೇಶ್ವರದ ಬಸ್ ಹತ್ತಿದಿರಿ. ನಾನು ಒಳಗೇ ಇದ್ದೆ. ಚಪ್ಪಲಿಯ ಸಪ್ಪಳ ಕೇಳಿಸಿತು. ಹೊರಗೆ ಬಂದು ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ.

ಈಗ ಫೋನಿನಲ್ಲಿ ನಿಮಗೆ ಹೇಳದೆ ಮುಚ್ಚಿಟ್ಟದ್ದನ್ನು ಬರೆಯುತ್ತೇನೆ. ಬಿ.ಪಿ. ಗುಳಿಗೆ ನುಂಗಿ ಆಮೇಲೆ ಓದಿರಿ. ಕಳೆದ ವಾರದ ಗುರುವಾರ, ಹದಿಮೂರನೆಯ ತಾರೀಖು, ಬೆಳಿಗ್ಗೆ ಆರಕ್ಕೆ ಮತ್ತೆ ಫಿಟ್ಸ್ ಬಂತು. ಹಿಂದಿನ ದಿನ ಸ್ವಲ್ಪ ವಾಂತಿ ಮಾಡಿಕೊಂಡಿದ್ದಳು, ನಾಲ್ಕಕ್ಕೆ ಕೊಟ್ಟ ಹಾಲು ಹೊಟ್ಟೆಯಲ್ಲಿ ನಿಂತಿರಲಿಲ್ಲ. ಬೆರಳು ಚುಚ್ಚಿದರೆ ಮೂವತ್ತೆಂಟು. ಬಾಯಿ ಗಟ್ಟಿಯಾಗಿ ಕಚ್ಚಿಕೊಂಡಿತ್ತು, ಒಸಡಿಗೆ ಗ್ಲೂಕೋಸ್ ಹಚ್ಚುತ್ತಾ ಗ್ಯಾರೇಜಿನ ಯಂತ್ರ ಸಾಗಿಸುವ ಸಾದಿಕಣ್ಣನ ಟೆಂಪೋದಲ್ಲಿ ಓಡಿದೆವು. ಹನ್ನೊಂದು ನಿಮಿಷ ಅತ್ತೆ. ಇವರು ನಡುವೆ ನಡುವೆ "ನೀಲವ್ವಾ, ನೀಲವ್ವಾ" ಎಂದು ಕೂಗುತ್ತಿದ್ದರು, ನಾನು ಅವಳ ಒಸಡು ತಿಕ್ಕುತ್ತಲೇ ಇದ್ದೆ. ಅಲ್ಲಿ ನರಕ್ಕೆ ಗ್ಲೂಕೋಸ್ ಬಿಟ್ಟ ಮೇಲೆ ಕಣ್ಣು ಬಿಟ್ಟಳು. ಎರಡು ದಿನ ಇಟ್ಟುಕೊಂಡು ಕಳಿಸಿದರು.

ಜೀವಕ್ಕೇನೂ ಆಗಿಲ್ಲ, ಅಳಬೇಡಿ. ಆದರೆ ಅವಳಿಗೆ ಬರುತ್ತಿದ್ದ ಆರೇಳು ಮಾತುಗಳಲ್ಲಿ ಎರಡೇ ಉಳಿದಿವೆ. "ಬಾ" ಎನ್ನುತ್ತಾಳೆ, "ಹಾಲ" ಎನ್ನುತ್ತಾಳೆ. ನೀವು ಹೋದ ಮೇಲೆ ಹತ್ತು ದಿನ, ಹೊರಗೆ ಯಾರ ಚಪ್ಪಲಿ ಸಪ್ಪಳವಾದರೂ ಅಜ್ಜಿಯೇ ಬಂದಳೆಂದು ಬಾಗಿಲಿಗೆ ಓಡಿ "ಆಯಿ, ಆಯಿ" ಎಂದು ಕರೆಯುತ್ತಿದ್ದಳು. ಗಿರಾಕಿಗಳನ್ನೂ ಆಯಿ ಎಂದು ಕರೆದು ನಗಿಸುತ್ತಿದ್ದಳು. ಆ ಗುರುವಾರದಿಂದ ಆ ಮಾತಿಲ್ಲ. ಸಪ್ಪಳ ಕೇಳಿದರೆ ಈಗಲೂ ಬಾಗಿಲಿಗೆ ಹೋಗುತ್ತಾಳೆ, ಬಾಯಿ ತೆರೆಯುತ್ತಾಳೆ, ಮಾತು ಸಿಗದೆ ಹಿಂದಿರುಗಿ ನನ್ನನ್ನು ನೋಡುತ್ತಾಳೆ. ಮೇಡಂ ಅವರನ್ನು ಕೇಳಿದೆ. ಹೋದ ಮಾತು ಮರಳಿ ಬರಬಹುದು, ಆದರೆ ಇಂಥದ್ದು ಮತ್ತೆ ಮತ್ತೆ ಆದರೆ ಭರವಸೆ ಕೊಡಲಾರೆ ಎಂದರು. ನನಗೆ ಸಾಕಾಗಿದೆ ಅತ್ತೆ. ದೇವರ ಮುಂದೆ ಕೂತರೆ ಕೇಳಿಕೊಳ್ಳಲೂ ಬರುತ್ತಿಲ್ಲ, ಬರೀ ಸಿಟ್ಟು ಬರುತ್ತದೆ.

ಬರುವ ಸೋಮವಾರ, ಇಪ್ಪತ್ನಾಲ್ಕಕ್ಕೆ, ಮತ್ತೆ ಅದೇ ಟೆಸ್ಟ್. ಇದೇ ಕೊನೆಯದು ಆಗಲಿ ಎಂದು ಮೇಡಂ ಹೇಳಿದ್ದಾರೆ. ಅವಳ ಕೈಕಾಲುಗಳಲ್ಲಿ ಚುಚ್ಚಲು ಒಳ್ಳೆಯ ನರಗಳು ಉಳಿದಿಲ್ಲ, ಮೈಯಲ್ಲಿ ಶಕ್ತಿಯೂ ಇಲ್ಲ. ಈ ಸಲ ರಕ್ತ ಸಿಗದಿದ್ದರೆ ಹೈದರಾಬಾದಿಗೆ ಬರೆದುಕೊಡುತ್ತಾರಂತೆ, ಅಲ್ಲಿ ಸರದಿ ಬರುವುದಕ್ಕೆ ಎರಡು ತಿಂಗಳು. ಎರಡು ತಿಂಗಳಲ್ಲಿ ಇನ್ನೆಷ್ಟು ಗುರುವಾರಗಳು! ಬುಧವಾರ ಶಿವರಾತ್ರಿ. ನಮ್ಮ ಮನೆಯ ಉಪವಾಸ ಎರಡು ದಿನ ಮೊದಲೇ ಬಂದಿದೆ, ಅದೂ ಮನೆಯ ಎಲ್ಲರಿಗಿಂತ ಚಿಕ್ಕವಳ ಪಾಲಿಗೆ. ಹೋದ ವರ್ಷದ ಶಿವರಾತ್ರಿಗೆ ನೀವು ನೀರೂ ಮುಟ್ಟದೆ ಕೂತಿದ್ದಾಗ ನಾನು ಮಧ್ಯಾಹ್ನವೇ ಅಡುಗೆಮನೆಯಲ್ಲಿ ಶೇಂಗಾ ತಿನ್ನುತ್ತಾ ಸಿಕ್ಕಿಬಿದ್ದದ್ದು ನೆನಪಿದೆಯೇ? "ಹೊಟ್ಟಿ ನಿಂದಲ್ಲ, ಬಾಯಿ ನಿಂದಲ್ಲ, ಕೈಯಾರ ನಿಂದ ಐತಿಲ್ಲೋ, ಅದನ್ನರ ಹಿಡಕೊ" ಎಂದು ನಕ್ಕಿದ್ದಿರಿ. ಆ ಮಾತು ಈ ಹದಿನೆಂಟು ದಿನದಲ್ಲಿ ಎಷ್ಟು ಸಲ ನೆನಪಾಗಿದೆಯೋ.

ಈ ಸಲ ಕೋಣೆಯೊಳಗೆ ಮಗುವಿನ ಜೊತೆ ಒಬ್ಬರಿಗೆ ಮಾತ್ರ ಜಾಗ. "ತಾಯಿ ಒಬ್ಬಾಕಿ ಇರಲಿ, ಆಯಿ ಬ್ಯಾಡ" ಎಂದು ಮೇಡಂ ಕಾಗದದ ಮೇಲೆಯೇ ಬರೆದುಕೊಟ್ಟಿದ್ದಾರೆ. ನಿಮ್ಮ ಮಗ ಅದನ್ನು ಓದಿ ಹೌದು ಎಂದು ತಲೆಯಾಡಿಸಿದರು. ನಾನೂ ಅಲ್ಲೇ ನಿಂತಿದ್ದೆ, ಆ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡೆ.

ಅಕ್ಕನಿಗೂ ಭಾವನವರಿಗೂ ನನ್ನ ಶರಣು ತಿಳಿಸಿ, ಮಕ್ಕಳಿಗೆ ಮುದ್ದು. ನಿಮ್ಮ ಎಣ್ಣೆಯ ಬಾಟಲಿಯನ್ನೂ ಕಳಿಸಿದ್ದೇನೆ, ಮಲಗುವಾಗ ಮೊಣಕಾಲಿಗೆ ಹಚ್ಚಿಕೊಳ್ಳಿ. ಮೊಮ್ಮಗಳ ತಲೆಯ ಮೇಲೆ ನಿಮ್ಮ ಕೈ ಯಾವಾಗಲೂ ಇರಲಿ. ನನ್ನ ಮೇಲೆಯೂ ಇರಲಿ ಎಂದು ಕೇಳುವ ಮುಖ ನನಗಿಲ್ಲ.

ನಿಮ್ಮ ಸೊಸೆ
ಶಾಂಭವಿ

ತಾ.ಕ.: ಸಾದಿಕಣ್ಣ ರಿಪೇರಿಯಾದ ಯಂತ್ರ ಮುಟ್ಟಿಸಲು ಬಬಲೇಶ್ವರಕ್ಕೇ ಹೊರಟಿದ್ದಾರೆ, ಕೆಳಗೆ ಹಾರ್ನ್ ಹೊಡೆಯುತ್ತಿದ್ದಾರೆ. ಇಷ್ಟುದ್ದ ಬರೆದರೂ ಹೇಳಬೇಕಾದದ್ದು ಬರೆದಿಲ್ಲ. ಅತ್ತೆ, ಗಂಟು ಕೊಟ್ಟವರು ನೀವಲ್ಲ. ನನಗೂ ಗೊತ್ತು, ನಿಮಗೂ ಗೊತ್ತು. ನೀವು ನೀರಿಗೆ ಹೋದಾಗ ಅವಳು ರಟ್ಟಿನ ಬಟ್ಟೆ ಚೀಪುತ್ತಾ "ಹಾಲ" ಎಂದಳು. ನಿಮ್ಮ ಚೀಲಕ್ಕೆ ಕೈ ಹಾಕಿದವಳು ನಾನು. ಎರಡೇ ಸಲ ಚೀಪಿಸಿ ತೆಗೆಯೋಣ ಎಂದುಕೊಂಡೆ, ಅವಳು ಬಿಡಲಿಲ್ಲ, ನಾನೂ ಬಿಡಿಸಲಿಲ್ಲ. ನೀವು ಬಂದು ನನ್ನ ಅಂಟು ಬೆರಳು ನೋಡಿದಿರಿ, ಏನೂ ಕೇಳದೆ ಕೂತಿರಿ. ಮೇಡಂ ಕೇಳಿದಾಗ ನನಗಿಂತ ಮೊದಲು ಎದ್ದು ನಿಂತಿರಿ. ಓದಿದ ಸೊಸೆ ಇಂಥದ್ದು ಮಾಡಲಾರಳು, ಹಳೆಯ ಕಾಲದ ಮುದುಕಿಯೇ ಮಾಡಿರಬೇಕು ಎಂದು ಎಲ್ಲರೂ ನಂಬಿದರು. ನಾನು ಅದರ ಹಿಂದೆ ಅಡಗಿಕೊಂಡು ನಿಮಗೇ ಬೈದೆ. ಆವತ್ತು ರಕ್ತ ಸಿಕ್ಕಿದ್ದರೆ ಆ ಗುರುವಾರ ಬರುತ್ತಿರಲಿಲ್ಲವೋ ಏನೋ. ಅವಳ ಬಾಯಿಂದ ನಿಮ್ಮ ಹೆಸರು ಕಳೆದವಳು ನಾನೇ.

ಈ ಕಾಗದ ಗಾಡಿ ಹತ್ತಿದ ಕೂಡಲೇ ಕೆಳಗೆ ಹೋಗಿ ಇವರಿಗೆ ಹೇಳುತ್ತೇನೆ, ಆಮೇಲೆ ಮೇಡಂಗೆ ಫೋನ್ ಮಾಡುತ್ತೇನೆ. ಕಾಗದ ಹೋದ ಮೇಲೆ ಹಿಂದೆ ಸರಿಯಲು ಬರುವುದಿಲ್ಲ, ಅದಕ್ಕೇ ಮೊದಲು ನಿಮಗೆ ಬರೆದೆ. ಸೋಮವಾರ ಅವಳು ಅತ್ತರೆ ನಾನು ಮತ್ತೆ ಕೊಡುತ್ತೇನೆ ಅತ್ತೆ. ಎಷ್ಟು ಆಣೆ ಮಾಡಿಕೊಂಡರೂ ಕೊಟ್ಟೇ ಕೊಡುತ್ತೇನೆ, ನನ್ನ ಕೈ ನನಗೆ ಗೊತ್ತು. ಹೊರಗೆ ಕೂರಬೇಕಾದವಳು ನಾನು. ಒಳಗೆ ನೀವಿರಬೇಕು, ಅವಳ ತೊಡೆ ಒತ್ತಿ ಹಿಡಿದು ಕಿವಿಯಲ್ಲಿ ಶಿವನ ಹೆಸರು ಹೇಳಬೇಕು. ನಾಳೆಯೇ ಬನ್ನಿ. ಬೇಡವೆಂದರೆ ನಾನೇ ಬಂದು ನಿಮ್ಮ ಕಾಲು ಹಿಡಿಯುತ್ತೇನೆ, ಅಕ್ಕನ ಓಣಿಯೆಲ್ಲ ನೋಡಲಿ.

ಬರುವಾಗ ಹೊಸ ಗಂಟು ಕಟ್ಟಿಕೊಂಡು ಬನ್ನಿ, ಟೆಸ್ಟ್ ಮುಗಿದ ಮೇಲೆ ಬೇಕಾಗುತ್ತದೆ. ಅದನ್ನು ನಿಮ್ಮ ಸೊಂಟಕ್ಕೇ ಸಿಕ್ಕಿಸಿಕೊಂಡಿರಿ. ನಾನು ಎಷ್ಟು ಬೇಡಿಕೊಂಡರೂ ನನ್ನ ಕೈಗೆ ಕೊಡಬೇಡಿ.